ಬೋರಿನ ನೀರು, ಆರ್ಗಾನ್ ಟಾರ್ಚು

ವೆಲ್ಡಿಂಗ್ ಮೆಷಿನ್ನಿನ ನೀರಿನ ಟ್ಯಾಂಕ್ ಬದಲಾಯಿಸುವುದು ಹೇಳಿಕೊಳ್ಳುವಂಥ ಕೆಲಸವೇನಲ್ಲ. ನಾಲ್ಕು ಬೋಲ್ಟು, ಮೂರು ಪೈಪು, ಒಂದು ಮುಚ್ಚಳ. ಹೊಸ ಟ್ಯಾಂಕ್ ಕೈಯಲ್ಲಿದ್ದರೆ ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನದ ಊಟಕ್ಕೆ ಕೈ ತೊಳೆಯಬಹುದು. ಚೇಳೂರಿನ ನಮ್ಮ ಶೆಡ್ಡಿನಲ್ಲಿ ಅದೇ ಕೆಲಸ ಒಂದು ಬೇಸಿಗೆಯ ಬಹುಪಾಲನ್ನು ತಿಂದುಹಾಕಿತು. ತಿಂದದ್ದು ಟ್ಯಾಂಕಿಗಿಂತ ಹೆಚ್ಚಾಗಿ ಅದರೊಳಗೆ ಸುರಿಯುವ ನೀರು.

2016ರ ಮಾತು. ಆ ವರ್ಷ ಜನವರಿಯಲ್ಲಿ ನಮ್ಮ ಜಿಲ್ಲೆಗೆ ಎರಡು ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ನಮ್ಮದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಿ ಬಂದು ಶಂಕುಸ್ಥಾಪನೆ ಮಾಡಿಹೋದರು. ಅದೇ ತಿಂಗಳು ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮೊದಲ ಸುದ್ದಿಗೆ ಊರೆಲ್ಲ ಕುಣಿಯಿತು, ಜಮೀನಿನ ರೇಟು ಏರಿತು, ಟೀ ಅಂಗಡಿಯಲ್ಲಿ ಎಲ್ಲರ ಮಕ್ಕಳಿಗೂ ಹೆಲಿಕಾಪ್ಟರ್ ನೌಕರಿ ಸಿಕ್ಕಿತು. ಎರಡನೆಯ ಸುದ್ದಿ ಓದಿ ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡವರು ನಮ್ಮ ಮೇಸ್ತ್ರಿ ಒಬ್ಬರೇ. ತುಮಕೂರಿನ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ, ಎಷ್ಟೋ ಮುಂಚೆಯೇ ಸ್ವಯಂ ನಿವೃತ್ತಿ ತಗೊಂಡು, ಬಂದ ದುಡ್ಡಲ್ಲಿ ಊರಿಗೆ ಬಂದು ಶೆಡ್ಡು ಹಾಕಿದವರು ಅವರು. ಗಡಿಯಾರದ ಕೆಲಸ ಕೈಬಿಟ್ಟರೂ ಕೈ ಅದನ್ನು ಬಿಟ್ಟಿರಲಿಲ್ಲ. ಟಿಲ್ಲರಿನ ಗೇರ್ ಬಾಕ್ಸ್ ಬಿಚ್ಚಿದರೂ ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಜೋಡಿಸುತ್ತಿದ್ದರು. ನಾವು ಹುಡುಗರು ಬೆನ್ನ ಹಿಂದೆ ನಗುತ್ತಿದ್ದೆವು.

ಗೇಟು, ಗ್ರಿಲ್ಲು, ಕಿಟಕಿ ಮಾಡುವ ಶೆಡ್ಡುಗಳು ಊರಲ್ಲಿ ಬೇಕಾದಷ್ಟಿದ್ದವು. ನಮ್ಮಲ್ಲಿಗೆ ಬರುತ್ತಿದ್ದದ್ದು ಬೇರೆಯವರು ಆಗಲ್ಲ ಅಂತ ವಾಪಸ್ ಕಳಿಸಿದ ಮಾಲು. ಹಾಗಲವಾಡಿ ಕಡೆಯಿಂದ ಒಡೆದ ಟಿಲ್ಲರ್ ಕ್ರ್ಯಾಂಕ್‌ಕೇಸು, ನಿಟ್ಟೂರು ಕಡೆಯಿಂದ ಬಿರುಕು ಬಿಟ್ಟ ಪಂಪಿನ ಬಾಡಿ, ಅಡಿಕೆ ಸುಲಿಯುವ ಮೆಷಿನ್ನಿನ ಕವರು, ಬೈಕಿನ ಎಂಜಿನ್ ಕೇಸು. ಹೆಚ್ಚಿನವು ಅಲ್ಯೂಮಿನಿಯಂ ಎರಕ. ಅದಕ್ಕೆ ಆರ್ಗಾನ್ ವೆಲ್ಡಿಂಗೇ ಆಗಬೇಕು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಆದರೆ ಅದರ ಮೈಮೇಲೆ ತೆಳ್ಳಗೆ ಕಟ್ಟಿರುವ ಆಕ್ಸೈಡ್ ಪೊರೆ ಎರಡು ಸಾವಿರ ಡಿಗ್ರಿ ದಾಟುವ ತನಕ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಎಸಿ ಕರೆಂಟಿನ ಒಂದು ಅರ್ಧ ಆ ಪೊರೆಯನ್ನು ಒಡೆಯುತ್ತದೆ, ಇನ್ನೊಂದು ಅರ್ಧ ಲೋಹವನ್ನು ಕರಗಿಸುತ್ತದೆ. ಪೊರೆ ಒಡೆಯುವ ಆ ಅರ್ಧದಲ್ಲೇ ಟಂಗ್‌ಸ್ಟನ್ ಸೂಜಿಗೂ ಅದನ್ನು ಹಿಡಿದ ಟಾರ್ಚಿಗೂ ವಿಪರೀತ ಕಾವು ಏರುವುದು. ದಪ್ಪ ಎರಕಕ್ಕೆ ಇನ್ನೂರು ಆಂಪಿಯರ್ ಮೇಲೆ ಬಿಟ್ಟರೆ ಗಾಳಿಯಿಂದ ತಣಿಯುವ ಟಾರ್ಚನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಅದಕ್ಕೇ ನೀರು.

ಈ ಬೆಸುಗೆ ಹುಟ್ಟಿದ್ದೇ ವಿಮಾನಕ್ಕಾಗಿ ಅಂತ ಮೇಸ್ತ್ರಿ ಹೇಳುತ್ತಿದ್ದರು, ಮತ್ತು ಅದು ನಿಜ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ನಾರ್ಥ್‌ರಾಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬಾತ ಮ್ಯಾಗ್ನೀಸಿಯಂ ಬೆಸೆಯಲು ಟಂಗ್‌ಸ್ಟನ್ ಸೂಜಿ, ಹೀಲಿಯಂ ಗಾಳಿ ಕಟ್ಟಿಕೊಂಡು ಹೊರಟ. ಆಮೇಲೆ ಲಿಂಡೆ ಕಂಪನಿ ಅದನ್ನು ಕೊಂಡು ನೀರಿನಿಂದ ತಣಿಯುವ ಟಾರ್ಚುಗಳನ್ನು ತಂದಿತು. ವಿಮಾನಕ್ಕೆ ಹುಟ್ಟಿದ ವಿದ್ಯೆ ಚೇಳೂರಿಗೆ ಬಂದು ಟಿಲ್ಲರಿಗೆ ದುಡಿಯುತ್ತಿತ್ತು. ಅದೇ ತಾಲ್ಲೂಕಿಗೆ ಈಗ ಹೆಲಿಕಾಪ್ಟರೂ ಬರುತ್ತದಂತೆ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ನೀರಿನ ಟಾರ್ಚನ್ನು ಬಿಚ್ಚಿ ನೋಡದವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಅದಕ್ಕೆ ಮೂರು ಪೈಪು: ಒಂದರಲ್ಲಿ ಗ್ಯಾಸು, ಒಂದರಲ್ಲಿ ಹೋಗುವ ನೀರು, ಮೂರನೆಯದರಲ್ಲಿ ವಾಪಸ್ ಬರುವ ನೀರು. ಕರೆಂಟಿನ ತಾಮ್ರದ ಎಳೆ ಇರುವುದು ಈ ಮೂರನೆಯ ಪೈಪಿನ ಒಳಗೇ, ನೀರಿನಲ್ಲಿ ಮುಳುಗಿಕೊಂಡು. ಎಳೆ ಎಷ್ಟು ಸಣ್ಣ ಅಂದರೆ, ಅಷ್ಟು ಆಂಪಿಯರಿಗೆ ಬಯಲಲ್ಲಿ ಅದನ್ನು ಯಾರೂ ನಂಬುವುದಿಲ್ಲ. ನೀರಿನ ಭರವಸೆಯ ಮೇಲೆ ಸಣ್ಣದು ಮಾಡಿದ್ದಾರೆ. ಹಾಗಾಗಿಯೇ ಟಾರ್ಚು ಹಗುರ, ಮಣಿಕಟ್ಟಿಗೆ ನೋವಿಲ್ಲ. ನೀರು ನಿಂತರೆ ಮಾತ್ರ ಗ್ರಹಚಾರ. ಟಾರ್ಚಿನ ತಲೆ ಕಾಯುವ ಮೊದಲೇ ಪೈಪು ಮೆತ್ತಗಾಗಿ ಸುಟ್ಟ ರಬ್ಬರಿನ ವಾಸನೆ ಬರುತ್ತದೆ.

ನಮ್ಮ ಮೆಷಿನ್ನಿನ ನೀರಿನ ಪೆಟ್ಟಿಗೆ ಟ್ರಾಲಿಯ ಕೆಳ ಅಂತಸ್ತಿನಲ್ಲಿತ್ತು. ಮಾಡಿದವರು ಬುದ್ಧಿವಂತರು, ಸೋರಿದರೆ ನೆಲಕ್ಕೆ ಸೋರಲಿ, ಕರೆಂಟಿನ ಪೆಟ್ಟಿಗೆಗಲ್ಲ ಅಂತ. ಸೋರಿತು. ಅರೆಪಾರದರ್ಶಕ ಪ್ಲಾಸ್ಟಿಕ್ ಟ್ಯಾಂಕು, ಬಾಗಿಲ ಪಕ್ಕ ಮೂರೂ ಕಾಲ ಬಿಸಿಲು, ಮೇಲಿಂದ ಪಂಪಿನ ನಡುಕ. ತಳದಲ್ಲಿ ಹಿತ್ತಾಳೆಯ ನಿಪ್ಪಲ್ ಕೂತಿದ್ದ ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಪಾಕ್ಸಿ ಅಂಟು ಹಚ್ಚಿದೆವು. ಒಣಗಿದ ಮೇಲೆ ಅದು ಬಿಲ್ಲೆಯ ಹಾಗೆ ಇಡಿಯಾಗಿ ಎದ್ದು ಬಂತು. ಪಾಲಿಥೀನಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಹಲಸಿನ ಮಂಡಿಗೆ ಗಾಡಿ ಹೊಡೆಯುವ ಯಜಮಾನರೊಬ್ಬರು ನಮ್ಮ ಪರದಾಟ ನೋಡಲಾರದೆ ಮಾರನೆಯ ದಿನ ಕಡ್ಡಿಗೆ ಸುತ್ತಿದ ಹಲಸಿನ ಮೇಣ ತಂದುಕೊಟ್ಟರು. ಚೇಳೂರು ಹಲಸಿನ ಊರು. ಸೀಸನ್ನಿನಲ್ಲಿ ಲಾರಿಗಟ್ಟಲೆ ಹಣ್ಣು ಇಲ್ಲಿಂದ ಹೊರರಾಜ್ಯಗಳಿಗೆ ಹೋಗುತ್ತದೆ. ಆಮೇಲೆ ಹೆಸರಾದ ಸಿದ್ದು ಹಲಸಿನ ತಾಯಿಮರವೂ ಇಲ್ಲಿಯದೇ. ಒಡೆದ ಮಡಕೆಗೆ ಮೇಣ ಕಾಯಿಸಿ ಹಚ್ಚುವುದು ಹಳೆಯ ಕಾಲದ ರೂಢಿ. "ನಮ್ಮಜ್ಜಿ ಬಾನಿಗೇ ಹಚ್ಚೋಳು ಕಣ್ರಯ್ಯ, ಇದೇನ್ ಮಹಾ" ಅಂದರು. ಹಚ್ಚಿದೆವು. ನೀರು ತಣ್ಣಗಿದ್ದಷ್ಟು ಹೊತ್ತು ಒಂದು ತೊಟ್ಟೂ ಸೋರಲಿಲ್ಲ, ಯಜಮಾನರು ಬೀಡಿ ಹಚ್ಚಿ ಗೆದ್ದ ನಗೆ ನಕ್ಕರು. ವೆಲ್ಡಿಂಗ್ ಶುರುವಾಗಿ ನೀರು ಬೆಚ್ಚಗಾಗುತ್ತಿದ್ದಂತೆ ಮೇಣ ಮೆತ್ತಗಾಗಿ ಎಳೆ ಎಳೆಯಾಗಿ ಜಾರತೊಡಗಿತು.

ಹೊಸ ಟ್ಯಾಂಕಿಗೆ ಹೇಳಿದರೆ ಬರಲು ತಿಂಗಳಾಗುತ್ತದೆ ಎಂದರು. ಅಲ್ಲಿಯವರೆಗೆ ಏನು ಮಾಡುವುದು? ಸೋರಿದಷ್ಟು ತುಂಬುವುದು. ಬೋರಿನ ನಲ್ಲಿ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು, ಕಾಸಿಲ್ಲ, ಕರ್ಚಿಲ್ಲ. ತಾಲ್ಲೂಕಿನಲ್ಲಿ ಹೇಮಾವತಿ ನಾಲೆ ಹಾಯುತ್ತದಾದರೂ ನಮ್ಮ ಶೆಡ್ಡಿಗೆ ದಕ್ಕಿದ್ದು ಪಾತಾಳದಿಂದ ಎತ್ತಿದ ಗಡಸು ನೀರು. ಸೋಪು ನೊರೆ ಬಾರದು, ಬೇಳೆ ಬೇಯದು.

ಟಾರ್ಚು ಕಾಯತೊಡಗಿದ್ದು ಆಮೇಲೆ. ಮೊದಮೊದಲು ಕೈಗವಸಿನೊಳಗೆ ಬೆಚ್ಚಗೆ ಅನ್ನಿಸುತ್ತಿತ್ತು, ಬರಬರುತ್ತಾ ಅರ್ಧ ಸಾಲು ಎಳೆಯುವಷ್ಟರಲ್ಲಿ ಕೈ ಬದಲಾಯಿಸುವಂತಾಯಿತು. ಪಂಪು ಕೆಟ್ಟಿದೆ ಅಂದೆ ನಾನು. ರೇಡಿಯೇಟರಿನ ಫ್ಯಾನು ಅಂದ ಇನ್ನೊಬ್ಬ. ಮೇಸ್ತ್ರಿ ಏನೂ ಹೇಳದೆ ಮೇನ್ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತು, ಟಾರ್ಚಿನ ನೀರಿನ ಪೈಪುಗಳನ್ನು ಬಿಚ್ಚಿದರು. ಒಂದು ತುದಿಯನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟು, "ಊದು" ಅಂದರು. ಊದಿದೆ. ಕೆನ್ನೆ ಉಬ್ಬಿತೇ ಹೊರತು ಆ ತುದಿಯಲ್ಲಿ ಗಾಳಿ ಸುಯ್ಯೆಂದು ಎಳೆಯಷ್ಟೇ ಬಂತು. ಟಾರ್ಚಿನ ತಲೆಯೊಳಗೆ ನೀರು ಸುತ್ತುವ ದಾರಿ ಬಲು ಸಣ್ಣದು. ಅದರ ಬಾಯಿಯಲ್ಲಿ ಮೊಳೆಯಿಂದ ಕೆರೆದರೆ ಬಿಳಿ ಪುಡಿ ಉದುರಿತು. ನಮ್ಮೂರಿನ ಬಚ್ಚಲ ಹಂಡೆಯಲ್ಲಿ ಕಟ್ಟುವ ಸುಣ್ಣವೇ.

"ಟ್ಯಾಂಕ್ ಸೋರಿದ್ದು ಒಂದು ಕಾಯ್ಲೆ. ನೀವು ದಿನಾ ತುಂಬಿದ್ದು ಇನ್ನೊಂದು" ಅಂದರು.

ಆ ಮಾತಿನ ಲೆಕ್ಕ ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸೋರದ ಟ್ಯಾಂಕಿಗೆ ಒಮ್ಮೆ ಗಡಸು ನೀರು ತುಂಬಿದರೆ ಅದರಲ್ಲಿ ಇದ್ದಷ್ಟು ಸುಣ್ಣ ಒಮ್ಮೆ ಕಟ್ಟುತ್ತದೆ, ಅಲ್ಲಿಗೆ ಮುಗಿಯಿತು. ಸೋರುವ ಟ್ಯಾಂಕಿಗೆ ಪ್ರತಿದಿನವೂ ಹೊಸ ನೀರು, ಪ್ರತಿದಿನವೂ ಹೊಸ ಸುಣ್ಣ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಿತಿ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಎಂದಿದೆ. ಆ 600ನ್ನೇ ಹಿಡಿದುಕೊಳ್ಳಿ. ದಿನಕ್ಕೊಂದು ಲೀಟರ್ ತುಂಬಿದರೆ ನೂರು ದಿನಕ್ಕೆ 60 ಗ್ರಾಂ ಸುಣ್ಣವನ್ನು ನಾವೇ ಕೈಯಾರೆ ಸುರಿದಂತಾಯಿತು. ಅದೆಲ್ಲ ಟಾರ್ಚಿನಲ್ಲೇ ಕೂರುವುದಿಲ್ಲ, ಸೋರುವ ನೀರಿನ ಜೊತೆ ಒಂದಿಷ್ಟು ಆಚೆಗೂ ಹೋಗುತ್ತದೆ. ಆದರೆ ಕೂರುವಷ್ಟು ಮಾತ್ರ ಬಿಸಿ ಜಾಗ ನೋಡಿಕೊಂಡೇ ಕೂರುತ್ತದೆ. ಮನುಷ್ಯ ಕುಡಿಯಬಹುದಾದ ನೀರು ಮೆಷಿನ್ನಿಗೆ ಆಗದು ಅನ್ನುವುದು ನನಗಂತೂ ಆಗ ಅವಮಾನದಂತೆ ಕಂಡಿತು.

ಬಿಚ್ಚಿದ್ದೇ ಆಯಿತಲ್ಲ, ಎಲ್ಲವನ್ನೂ ನೋಡೋಣ ಅಂತ ಮೇಸ್ತ್ರಿ ಪೆಟ್ಟಿಗೆಯ ಕವರು ತೆಗೆದರು. ನೀರು ಹರಿಯದಿದ್ದರೆ ಕರೆಂಟು ಕತ್ತರಿಸಬೇಕಾದ ಫ್ಲೋ ಸ್ವಿಚ್ಚಿನ ಎರಡು ವೈರುಗಳನ್ನು ಯಾರೋ ಯಾವ ಕಾಲದಲ್ಲೋ ಒಂದಕ್ಕೊಂದು ಹೊಸೆದು ಟೇಪು ಸುತ್ತಿದ್ದರು. ಮೆಷಿನ್ನು ಪದೇ ಪದೇ ನಿಲ್ಲುತ್ತಿತ್ತು ಅಂತ ಮಾಡಿದ ಉಪಾಯ ಇರಬೇಕು. ಮೇಸ್ತ್ರಿಗೆ ಬೈಯಲು ಬರುತ್ತಿರಲಿಲ್ಲ, ಕಿವಿ ಕೆಂಪಗಾಗುತ್ತಿತ್ತು, ಅಷ್ಟೇ. ಆವತ್ತು ಕೆಂಪಗಾಯಿತು.

ಟ್ಯಾಂಕನ್ನು ನಾವೇ ಮಾಡುವುದೆಂದಾಯಿತು. ಜಿಐ ಶೀಟು ಬೇಡ, ಅದರ ಸತು ನೀರಿಗೆ ಬಿಡುತ್ತದೆ. ಅಲ್ಯೂಮಿನಿಯಂ ಬೇಡ, ತಾಮ್ರ ಹಿತ್ತಾಳೆಗಳ ಸಹವಾಸದಲ್ಲಿ ತಾನೇ ಸವೆಯುತ್ತದೆ. 304 ಸ್ಟೇನ್‌ಲೆಸ್, 18 ಗೇಜು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ತುಂಡು ಶೀಟು ತಂದೆವು. ನೀರಿನ ಟಾರ್ಚಿಗೆ ಟ್ಯಾಂಕ್ ಮಾಡಲು ಗಾಳಿ ಟಾರ್ಚೇ ಗತಿಯಾಯಿತು. ತೆಳು ಶೀಟಿಗೆ ಅದು ಧಾರಾಳ ಸಾಕು. ಸ್ಟೇನ್‌ಲೆಸ್ಸಿನಲ್ಲಿ ಒಂದು ತಂಟೆ ಇದೆ. ಮುಂದಿನಿಂದ ಸಾಲು ಬೆಳ್ಳಿಯಂತೆ ಕಂಡರೂ ಹಿಂಬದಿಗೆ ಗಾಳಿ ತಾಕಿದರೆ ಅಲ್ಲಿ ಕರೀ ಹರಳು ಹರಳಾಗಿ ಕಟ್ಟುತ್ತದೆ. ಅದು ಉದುರಿ ಪಂಪಿಗೆ ಹೋದರೆ ಮುಗಿಯಿತು. ಹಾಗಾಗಿ ಟ್ಯಾಂಕಿನ ತೂತುಗಳಿಗೆಲ್ಲ ಟೇಪು ಅಂಟಿಸಿ, ಒಂದರಿಂದ ಆರ್ಗಾನ್ ಬಿಟ್ಟು ಒಳಗಿನ ಗಾಳಿಯನ್ನು ಓಡಿಸಿ, ಆಮೇಲೆ ಬೆಸೆದದ್ದು. ಆರ್ಗಾನ್ ಗಾಳಿಗಿಂತ ಭಾರ. ಕೆಳಗಿಂದ ತುಂಬಿಸಿ ಮೇಲಿಂದ ಬಿಡಬೇಕು.

ಒಳಗೆ ಒಂದು ಅಡ್ಡತಡಿಕೆ ಹಾಕಿಸಿದರು. ವಾಪಸ್ ಬರುವ ನೀರು ಗುಳ್ಳೆ ಸಮೇತ ನೇರ ಪಂಪಿನ ಬಾಯಿಗೆ ಬೀಳಬಾರದು, ತಡಿಕೆ ಸುತ್ತಿ ಬರುವಷ್ಟರಲ್ಲಿ ಗುಳ್ಳೆ ಮೇಲೇರಬೇಕು. ಪಂಪಿಗೆ ಹೋಗುವ ನಿಪ್ಪಲನ್ನು ತಳದಿಂದ ಒಂದು ಬೆರಳು ಮೇಲಕ್ಕೆ ಇಟ್ಟರು, ಕಸ ತಳದಲ್ಲೇ ಕೂರಲಿ ಅಂತ. ತೀರಾ ತಗ್ಗಿನ ಮೂಲೆಗೆ ಡ್ರೈನ್ ಪ್ಲಗ್. ಸ್ಟೀಲು ಟ್ಯಾಂಕಿನಲ್ಲಿ ನೀರಿನ ಮಟ್ಟ ಕಾಣುವುದಿಲ್ಲವಲ್ಲ ಅಂದದ್ದಕ್ಕೆ ಪಕ್ಕದಲ್ಲಿ ಬೆರಳಗಲದ ಪಾರದರ್ಶಕ ಪೈಪೊಂದನ್ನು ನಿಲ್ಲಿಸಿದರು. "ಅಷ್ಟೇ ಬೆಳಕು ಸಾಕು, ಜಾಸ್ತಿ ಆದ್ರೆ ಪಾಚಿ" ಎಂದರು. ಹಳೆಯ ಟ್ಯಾಂಕಿನ ಒಳಗೋಡೆ ಹಸಿರುಗಟ್ಟಿದ್ದು ಯಾಕೆಂದು ಆಗ ಹೊಳೆಯಿತು. ಟಾರ್ಚಿಗೆ ಬಿಸಿನೀರಲ್ಲಿ ಸಿಟ್ರಿಕ್ ಆಸಿಡ್ ಕರಗಿಸಿ ಸುತ್ತಿಸಿದೆವು. ಸುಣ್ಣ ನೊರೆನೊರೆಯಾಗಿ ಬಂತು. ನೊರೆ ನಿಲ್ಲುವ ತನಕ ಬಿಟ್ಟು, ಆಮೇಲೆ ತೊಳೆದದ್ದೇ ತೊಳೆದದ್ದು.

ಉಳಿದದ್ದು ನೀರು. ಕಂಪನಿಯ ಕೂಲಂಟು ದುಬಾರಿ, ಮತ್ತು ಅದರಲ್ಲಿರುವ ಹೆಪ್ಪುಗಟ್ಟದ ಗುಣ ಚೇಳೂರಿಗೆ ಯಾತಕ್ಕೆ? ಕಾರಿನ ಕೂಲಂಟು ಹಾಕೋಣ ಅಂದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಆರ್ಗಾನ್ ಮೆಷಿನ್ನಿನಲ್ಲಿ ಕಿಡಿ ಹೊತ್ತಿಸುವ ಹೈ ಫ್ರೀಕ್ವೆನ್ಸಿ ಸೂಜಿಯ ತುದಿಗೆ ಹೋಗುವ ಬದಲು ನೀರಿನ ದಾರಿ ಹಿಡಿದು ಸೋರಿಹೋಗುತ್ತದೆ. ನಮ್ಮ ಮೆಷಿನ್ನಿನಲ್ಲಿ ಕಿಡಿ ಒಮ್ಮೊಮ್ಮೆ ಹತ್ತದೆ ತೊದಲುತ್ತಿದ್ದುದಕ್ಕೆ ಬೋರಿನ ನೀರಿನ ಉಪ್ಪೂ ಕಾರಣವೆಂದು ಮೇಸ್ತ್ರಿಯ ಗುಮಾನಿ.

ಗುಮಾನಿ ಬಂದರೆ ಅಳೆಯದೆ ಬಿಡುವವರಲ್ಲ. ಪ್ಲಾಸ್ಟಿಕ್ ಸ್ಕೇಲಿನ ತುಂಡಿಗೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಇಂಚಿನ ಅಂತರದಲ್ಲಿ ಬಿಗಿದು ಕಟ್ಟಿದರು. ಪೇಪರಿನ ಮೇಲೆ ನಾಲ್ಕು ಗಾಜಿನ ಲೋಟ. ಒಂದರಲ್ಲಿ ಬೋರಿನದು, ಒಂದರಲ್ಲಿ ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದದ್ದು, ಒಂದರಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರು. ನಾಲ್ಕನೆಯದು ಖಾಲಿ. ಅದು ಮಳೆಗೆ ಕಾಯುತ್ತಿತ್ತು. ಭರಣಿ ಮಳೆ ಬಿದ್ದ ಸಂಜೆ, ಸೂರಿನ ಶೀಟಿನಿಂದ ಇಳಿದ ನೀರನ್ನು ಮುಟ್ಟದೆ, ಅಂಗಳದ ನಡುವೆ ಪಾತ್ರೆ ಇಟ್ಟು ನೇರ ಆಕಾಶದಿಂದ ಬಿದ್ದದ್ದನ್ನೇ ಹಿಡಿದರು, ಅದೂ ಮೊದಲ ಹತ್ತು ನಿಮಿಷದ ಧೂಳಿನ ಮಳೆಯನ್ನು ಚೆಲ್ಲಿ. ಒಂದೊಂದು ಲೋಟಕ್ಕೂ ಕಡ್ಡಿ ಅದ್ದುವ ಮುಂಚೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒರೆಸುತ್ತಿದ್ದರು. ಮೀಟರಿನ ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ, ಅದ್ದಿದ ಕೂಡಲೇ ಏರುತ್ತಾ ಹೋಗುತ್ತಿತ್ತು. ಆದ್ದರಿಂದ ಅದ್ದಿ ಮನಸ್ಸಿನಲ್ಲಿ ಐದು ಎಣಿಸಿ ಆಗ ಕಂಡ ಅಂಕಿಯನ್ನು ಬರೆಯುವುದೆಂದು ಕಟ್ಟುಪಾಡು. ಬೋರಿನದು ಎಲ್ಲಕ್ಕಿಂತ ಕಮ್ಮಿ ಓಮ್, ಅಂದರೆ ಕರೆಂಟಿಗೆ ಹೆದ್ದಾರಿ. ಘಟಕದ ನೀರು ಅದಕ್ಕಿಂತ ಎಷ್ಟೋ ವಾಸಿ. ಮಳೆನೀರು ಬ್ಯಾಟರಿ ನೀರಿನ ಹತ್ತಿರಕ್ಕೇ ಹೋಗಿ ಕೂತಿತ್ತು. ಮೇಸ್ತ್ರಿ ಎರಡೆರಡು ಸಲ ಅಳೆದರು. ನೋಡಲು ಬಂದಿದ್ದ ಹಲಸಿನ ಮಂಡಿಯ ಯಜಮಾನರು "ಅಂದ್ರೆ ನಾವು ಕುಡಿಯೋ ನೀರೇ ಕಡೇದು ಅಂತಾಯ್ತು" ಎಂದು ಬೋರಿನ ಲೋಟವನ್ನೆತ್ತಿ ಗಟಗಟ ಕುಡಿದು ಕೆಳಗಿಟ್ಟರು.

ಕೊನೆಗೆ ಹಾಕಿದ್ದು ಬ್ಯಾಟರಿ ನೀರನ್ನೇ. ಮಳೆನೀರು ಚೆನ್ನಾಗಿದ್ದರೂ ಬೇಕೆಂದಾಗ ಬರುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನು ಯಾವಾಗಲೂ ಇರುತ್ತದೆ. ಬರೀ ಡಿಸ್ಟಿಲ್ಡ್ ವಾಟರಿಗೆ ತುಕ್ಕು, ಪಾಚಿ ತಡೆಯುವ ಮದ್ದು ಇರುವುದಿಲ್ಲವಾದ್ದರಿಂದ ಆಗಾಗ ಚೆಲ್ಲಿ ಹೊಸದು ಹಾಕಬೇಕು. ಕಂಪನಿಯ ಕೂಲಂಟೇ ಮೇಲೆಂದು ನಾನು ಈಗಲೂ ವಾದಿಸುತ್ತೇನೆ. ಮೇಸ್ತ್ರಿ ಒಪ್ಪುತ್ತಿರಲಿಲ್ಲ.

ಹೊಸ ಟ್ಯಾಂಕನ್ನು ಕೂರಿಸಿದ್ದು ನಿಜಕ್ಕೂ ಊಟದೊಳಗೆ ಮುಗಿಯಿತು. ರಾತ್ರಿಯಿಡೀ ನೀರು ತುಂಬಿಸಿ ಕೆಳಗೆ ಪೇಪರು ಹಾಸಿಟ್ಟಿದ್ದೆವು. ಬೆಳಿಗ್ಗೆ ಪೇಪರು ಒಣಗಿದ್ದಂತೆಯೇ ಇತ್ತು. ಫ್ಲೋ ಸ್ವಿಚ್ಚಿನ ವೈರುಗಳು ತಮ್ಮ ತಮ್ಮ ಜಾಗಕ್ಕೆ ಹೋದವು. ಪಂಪು ಒಣಗಿ ತಿರುಗಬಾರದೆಂದು ಮೊದಲು ಅದರ ಬಾಯಿಗೆ ನೀರು ಕುಡಿಸಿ, ವಾಪಸ್ ಪೈಪನ್ನು ಮಗ್ಗಿಗೆ ಬಿಟ್ಟು ಚಾಲೂ ಮಾಡಿದರು. ಒಂದೆರಡು ಸಲ ಗುಳುಗುಳು ಅಂದು ಗಾಳಿ ಕಕ್ಕಿ, ಆಮೇಲೆ ನೀರು ಧಾರೆಗಟ್ಟಿತು. ಮೇಸ್ತ್ರಿ ಕೈಯಲ್ಲಿದ್ದ ಎಚ್‌ಎಂಟಿ ವಾಚು ನೋಡುತ್ತಾ ನಿಂತರು. ಒಂದು ನಿಮಿಷಕ್ಕೆ ಲೀಟರ್ ಮಗ್ಗು ತುಂಬಿ ತುಳುಕಿತು. ಈ ಥರದ ಪೆಟ್ಟಿಗೆಗಳ ತಾಕತ್ತನ್ನು ಅಳೆಯುವುದೇ ನಿಮಿಷಕ್ಕೆ ಒಂದು ಲೀಟರ್ ಹರಿವಿಗೆ ಇಷ್ಟು ಕಿಲೋವಾಟ್ ಎಂದು. ಆ ಹರಿವು ಒಂದು ಕಿಲೋವಾಟ್ ಶಾಖ ಹೊತ್ತು ತಂದರೆ ನೀರು ಬೆಚ್ಚಗಾಗುವುದು ಸುಮಾರು 14 ಡಿಗ್ರಿ ಮಾತ್ರ. ಅರ್ಧ ಲೀಟರಾದರೆ 28. ಸುಣ್ಣ ಕಟ್ಟಿದ್ದಾಗ ನಮ್ಮ ಹರಿವು ಆ ಅರ್ಧ ಲೀಟರಿಗೂ ಕೆಳಗಿಳಿದಿತ್ತು.

ಅಷ್ಟು ದಿನದಿಂದ ಕಾಯುತ್ತಿದ್ದ ಹಾಗಲವಾಡಿಯ ಟಿಲ್ಲರಿನವನಿಗೆ ಹೇಳಿಕಳಿಸಿದೆವು. ಕ್ರ್ಯಾಂಕ್‌ಕೇಸಿನ ಬಿರುಕನ್ನು ವಿ ಆಕಾರಕ್ಕೆ ಸೀಳಿ, ಎಣ್ಣೆ ಬಿಡುವ ತನಕ ಕಾಯಿಸಿ ಒರೆಸಿ, ಮೇಸ್ತ್ರಿ ಒಂದೇ ಸಲಕ್ಕೆ ಸಾಲು ಮುಗಿಸಿದರು. ಕೈಗವಸು ತೆಗೆದು ಟಾರ್ಚಿನ ತಲೆಯನ್ನು ಬರಿಗೈಯಲ್ಲಿ ಹಿಡಿದು ನನಗೂ ಹಿಡಿಯಲು ಕೊಟ್ಟರು. ಟಿಲ್ಲರಿನವನಿಗೆ ಇದ್ಯಾವುದೂ ಬೇಡ. "ಒಂದು ಬಿರುಕಿಗೆ ಇಷ್ಟು ದಿನ ಸತಾಯಿಸಿ, ಮೇಲೆ ಈ ರೇಟಾ?" ಅಂತ ಜಗಳ ತೆಗೆದ. ಅರ್ಧ ದುಡ್ಡು ಕೊಟ್ಟು, ಉಳಿದದ್ದಕ್ಕೆ ಎರಡು ಹಲಸಿನ ಹಣ್ಣು ಇಳಿಸಿ ಹೋದ. ಒಂದು ಚೆನ್ನಾಗಿತ್ತು.

ನಾನೀಗ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. 2023ರ ಫೆಬ್ರವರಿಯಲ್ಲಿ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ದಿನ ಮೇಸ್ತ್ರಿಗೆ ಫೋನು ಮಾಡಿದ್ದೆ. ಶೆಡ್ಡು ಮಗನಿಗೆ ಬಿಟ್ಟು ತೆಂಗಿನ ತೋಟದಲ್ಲಿದ್ದರು. ಹೆಲಿಕಾಪ್ಟರಿನ ಮಾತು ಒಂದು ನಿಮಿಷವೂ ನಡೆಯಲಿಲ್ಲ. ಅಲ್ಲಿಯ ವೆಲ್ಡಿಂಗಿಗೆ ನೀರು ಎಲ್ಲಿಂದ ತರುತ್ತಾರೆ ಅಂತ ಕೇಳಿದರು. ಗೊತ್ತಿಲ್ಲ, ವಿಚಾರಿಸುತ್ತೇನೆ ಅಂದೆ.